ಮಳೆನೀರಿನ ಲೆಕ್ಕ ಮತ್ತು ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಭಾಷಣಗಳಲ್ಲಿ ಕನ್ನಂಬಾಡಿಯ ಸ್ಮರಣೆಯಾಗುತ್ತದೆ. ಮಳೆ ಇನ್ನೂ ಹಿಂದೆಗೆಯದ ಆ ದಿನಗಳಲ್ಲೇ ನಮ್ಮ ನಗರಗಳ ತಗ್ಗಿನ ಬಡಾವಣೆಗಳ ಜನ ಮನೆಯೊಳಗೆ ನುಗ್ಗಿದ ನೀರನ್ನು ಹೊರಚೆಲ್ಲುತ್ತಿರುತ್ತಾರೆ. ನಗರಕ್ಕೆ ಹರಿದುಬರುವ ಮಳೆನೀರನ್ನು ಎಲ್ಲಿ, ಯಾರು ತಡೆಯಬೇಕು ಎಂಬ ಪ್ರಶ್ನೆಗೆ ಶತಮಾನದ ಹಿಂದೆಯೇ ಉತ್ತರ ಹುಡುಕಿದವರು ಇದೇ ವಿಶ್ವೇಶ್ವರಯ್ಯನವರು. ಅವರ ಬದುಕಿನ ಆ ಅಧ್ಯಾಯ ನಮ್ಮ ಸಾರ್ವಜನಿಕ ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿದೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅವರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದರು. ಏಡನ್ ಬಂದರಿಗೆ ಒಳಚರಂಡಿ ಯೋಜನೆ ರೂಪಿಸಿದರು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ ಅವರು ವಿನ್ಯಾಸಗೊಳಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ನಿಗದಿತ ಮಟ್ಟಕ್ಕೆ ಏರುವತನಕ ಅವು ಮುಚ್ಚಿರುತ್ತಿದ್ದವು, ಮಟ್ಟ ಮೀರಿದಾಗ ತಾವಾಗಿ ತೆರೆದುಕೊಳ್ಳುತ್ತಿದ್ದವು. ನೀರನ್ನು ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ವಿವೇಚನೆಯೇ ಆ ಸಾಧನದ ತಿರುಳು.

1908ರಲ್ಲಿ ಸೇವೆಯಿಂದ ನಿವೃತ್ತಿ ಪಡೆದು ವಿದೇಶ ಪ್ರವಾಸದಲ್ಲಿದ್ದಾಗ ಅವರಿಗೆ ನಿಜಾಮರ ಸರ್ಕಾರದಿಂದ ಕರೆ ಬಂತು. ಅದೇ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರ ಪ್ರಾಣ ಹೋಗಿತ್ತು. 1909ರಲ್ಲಿ ಅಲ್ಲಿಗೆ ಹೋದ ಅವರು ನಗರದ ದಂಡೆಯನ್ನಷ್ಟೇ ನೋಡಿ ವರದಿ ಬರೆಯಲಿಲ್ಲ. ನದಿಯ ಮೇಲ್ಭಾಗದ ಇಡೀ ಜಲಾನಯನ ಪ್ರದೇಶದ ಸರ್ವೆ ನಡೆಸಿದರು, ಮಳೆಯ ಅಂಕಿಅಂಶಗಳನ್ನು ಕಲೆಹಾಕಿದರು. ಮೇಲಿನ ನೂರಾರು ಕೆರೆಗಳ ಪೈಕಿ 200ಕ್ಕೂ ಹೆಚ್ಚು ಒಡೆದು, ಒಂದರ ನೀರು ಇನ್ನೊಂದರ ಏರಿಯನ್ನು ಕೊಚ್ಚಿದ್ದು ಅವರ ಗಮನಕ್ಕೆ ಬಂತು.

ನಗರದೊಳಗೆ ದಂಡೆಯನ್ನು ಎತ್ತರಿಸುವುದರ ಜೊತೆಗೆ, ನೀರನ್ನು ನಗರದ ಮೇಲ್ಭಾಗದಲ್ಲೇ ತಡೆದು ನಿಲ್ಲಿಸಬೇಕೆಂದು ಅವರು ಸಲಹೆ ಮಾಡಿದರು. ಮೂಸಿ ಮತ್ತು ಅದರ ಉಪನದಿ ಈಸಿಗೆ ಒಂದೊಂದು ಜಲಾಶಯ; ನಗರದ ನದೀಪಾತ್ರ ತಾಳಬಲ್ಲಷ್ಟು ನೀರನ್ನು ಮಾತ್ರ ಕೆಳಕ್ಕೆ ಬಿಡುವುದು. ಆ ಚಿಂತನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಅವು ಆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. 1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು, 1912ರಿಂದ 1918ರವರೆಗೆ ದಿವಾನರಾಗಿದ್ದದ್ದು ಎಲ್ಲರಿಗೂ ತಿಳಿದ ವಿಚಾರ. ದಿವಾನಗಿರಿ ಬಿಟ್ಟ ಬಳಿಕವೂ ಅವರು ಹೈದರಾಬಾದಿನ ಒಳಚರಂಡಿ ಯೋಜನೆಗೆ ಸಲಹೆ ನೀಡಲು ಮರಳಿದ್ದರು. 1955ರಲ್ಲಿ ಭಾರತರತ್ನ ಪಡೆದ ಆ ಶತಾಯುಷಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅವರು ಕಟ್ಟಿಸಿದ ಕಟ್ಟೆಗಳು ಉಳಿದವು, ಅವರ ಲೆಕ್ಕಾಚಾರ ಉಳಿಯಲಿಲ್ಲ. ಆ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ನಿರ್ಮಾಣಗಳಿಗೆ 1996ರಲ್ಲಿ ಹೇರಿದ್ದ ನಿರ್ಬಂಧಗಳನ್ನು ಸಡಿಲಿಸಲು ತೆಲಂಗಾಣ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಜಲಾಶಯಗಳಾಚೆ, ನಗರದೊಳಗೇ ಬೆಳೆದ ಕಾಂಕ್ರೀಟಿನ ಮೇಲೆ ಬೀಳುವ ಮಳೆಯನ್ನಂತೂ ಅವು ತಡೆಯಲಾರವು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಕೆರೆಗಳು ಒಡೆದು ಬಡಾವಣೆಗಳು ಮುಳುಗಿದ್ದು ಇದಕ್ಕೆ ಸಾಕ್ಷಿ.

ಬೆಂಗಳೂರಿನ ಸ್ಥಿತಿ ಇನ್ನಷ್ಟು ನಾಜೂಕು. ಏರುದಿಣ್ಣೆಯ ಮೇಲಿರುವ ಈ ಊರಿನ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಹರಿದು ಹೊರಗೆ ಹೋಗುತ್ತದೆ. ಇಲ್ಲಿ ಉಸ್ಮಾನ್ ಸಾಗರದ ಕೆಲಸವನ್ನು ಮಾಡುತ್ತಿದ್ದುದು ಒಂದಕ್ಕೊಂದು ಜೋಡಿಸಿದ ಕೆರೆಗಳ ಸರಪಳಿ. ಆ ಸರಪಳಿ ತುಂಡಾದದ್ದರ ಫಲವನ್ನು 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಜನ ಉಂಡರು.

ಅರ್ಥಶಾಸ್ತ್ರ ಓದಿ, ಮುಂದೆ ಸರ್ಕಾರಿ ಕಡತಗಳ ನಡುವೆ ಬಾಳಿದ ನನಗೆ ಇದು ಲಾಭ ಒಬ್ಬರಿಗೆ, ವೆಚ್ಚ ಮತ್ತೊಬ್ಬರಿಗೆ ಎಂಬ ಹಳೆಯ ಸಮಸ್ಯೆಯಾಗಿಯೇ ಕಾಣುತ್ತದೆ. ಎತ್ತರದಲ್ಲಿ ಹೊಲವನ್ನು ಬಡಾವಣೆ ಮಾಡುವವರು ನಿವೇಶನ ಮಾರಿ ಹಣ ಎಣಿಸುತ್ತಾರೆ. ಇಂಗಬೇಕಿದ್ದ ನೀರು ರಸ್ತೆ, ತಾರಸಿಗಳಿಂದ ಒಮ್ಮೆಲೇ ಜಾರಿ ತಗ್ಗಿನವರ ಹೊಸ್ತಿಲು ದಾಟುತ್ತದೆ. ಮುಂದಿನ ಮಳೆಗಾಲಕ್ಕೆ ರಾಜಕಾಲುವೆ ಅಗಲಿಸುವ ವೆಚ್ಚ ತೆರಿಗೆದಾರರ ತಲೆಗೆ ಬೀಳುತ್ತದೆ. ಕಾಲುವೆ ಅಗಲಿಸಿದರೆ ನೀರು ಇನ್ನೂ ಬೇಗ ಕೆಳಗಿನ ಊರನ್ನು ತಲುಪುತ್ತದೆ, ಅಷ್ಟೆ.

2009ರಲ್ಲಿ ಬೆಂಗಳೂರು ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ್ದು ಸರಿಯಾದ ಹೆಜ್ಜೆ. ಆದರೆ ಒಂದೊಂದು ಮನೆಯ ತೊಟ್ಟಿ ಇಡೀ ಬಡಾವಣೆಯ ಹರಿವನ್ನು ಹಿಡಿಯಲಾರದು. ಪ್ರತಿ ಹೊಸ ಬಡಾವಣೆಯೂ ತನ್ನ ಮಳೆನೀರನ್ನು ತನ್ನ ಗಡಿಯೊಳಗೇ ಕೊಳ, ಇಂಗುಗುಂಡಿ, ಹುಲ್ಲುಗಾಲುವೆಗಳಲ್ಲಿ ತಡೆದು, ಮೊದಲು ಆ ನೆಲದಿಂದ ಹರಿಯುತ್ತಿದ್ದಷ್ಟನ್ನೇ ನಿಧಾನವಾಗಿ ಹೊರಬಿಡಬೇಕು. ಅವುಗಳ ಹೂಳು ತೆಗೆಯುವ ಹೊಣೆ ಯಾರದೆಂದು ಮಂಜೂರಾತಿಯಲ್ಲೇ ಬರೆದಿರಬೇಕು. ಮುಂಗಾರಿಗೆ ಮುನ್ನ ಪಾಲಿಕೆಯ ಎಂಜಿನಿಯರ್ ಸ್ಥಳಕ್ಕೆ ಹೋಗಿ ತಪಾಸಣೆ ಮಾಡಬೇಕು.

ವಿಶ್ವೇಶ್ವರಯ್ಯನವರು ಒಂದು ನದಿಗೆ ಅನ್ವಯಿಸಿದ ನಿಯಮವನ್ನು ನಾವು ಪ್ರತಿ ನಿವೇಶನ ನಕ್ಷೆಗೂ ಅನ್ವಯಿಸಬೇಕಾಗಿದೆ. ಇದಕ್ಕೆ ಬೇಕಾದುದು ಕಡತದಲ್ಲಿ ಹೆಚ್ಚುವರಿಯಾಗಿ ಒಂದೇ ಒಂದು ಹಾಳೆ: ಈ ನೆಲದಿಂದ ನಿನ್ನೆ ಎಷ್ಟು ನೀರು ಹರಿಯುತ್ತಿತ್ತು, ನಾಳೆ ಎಷ್ಟು ಹರಿಯಲಿದೆ. ಆ ಲೆಕ್ಕ ಸರಿಹೊಂದದ ನಕ್ಷೆಗೆ ಅಧಿಕಾರಿಯ ಸಹಿ ಬೀಳಬಾರದು.