ಯಾನೆಚೆಕ್‌ನ ಎರಡನೇ ಬೈಕು, ನಮ್ಮ ಹ್ಯಾಂಡಲ್ ರೈಸರು

ಸೆಪ್ಟೆಂಬರ್ 15 ಬಂತೆಂದರೆ ನಾವು ವಿಶ್ವೇಶ್ವರಯ್ಯನವರ ಬಗ್ಗೆ ಬರೀತೀವಿ. ಬರೀಲೇಬೇಕು. ಆದರೆ ಈ ಸಲ ಇನ್ನೊಬ್ಬ ಇಂಜಿನಿಯರ್ ಕಥೆ ಹೇಳೋಣ ಅನ್ನಿಸಿತು. ಆತನ ಹೆಸರಿನ ಮೊದಲೆರಡು ಅಕ್ಷರಗಳನ್ನು ನಮ್ಮ ಅಪ್ಪಂದಿರು, ದೊಡ್ಡಪ್ಪಂದಿರು ಪೆಟ್ರೋಲ್ ಟ್ಯಾಂಕಿನ ಮೇಲೆ ಓದಿದ್ದಾರೆ. ಮನುಷ್ಯನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಫ್ರಾಂಟಿಶೆಕ್ ಯಾನೆಚೆಕ್. ಜಾವಾ ಬೈಕಿನ ಜನಕ.

ಈಗಲೇ ಯಾಕೆ ಈತ ಅಂದರೆ, ಕಾಲೇಜಿನ ಪಾರ್ಕಿಂಗ್‌ನಲ್ಲಿ ಈ ಸೆಮಿಸ್ಟರ್ ಪೂರ್ತಿ ಒಂದೇ ಮಾತು: ಹ್ಯಾಂಡಲ್ ರೈಸರ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಗೆಳೆಯರು ವಾರದ ಕೊನೆಗೆ ಬೈಕಲ್ಲೇ ಊರಿಗೆ ಹೋಗಿ ಬರೋರು. ಅಡಿಕೆ ತೋಟದ ನಡುವಿನ ಹಂಪುಗಳ ರಸ್ತೆ ಇರಲಿ, ಜಗಳೂರಿನ ಬಯಲು ದಾರಿ ಇರಲಿ, ಸೋಮವಾರ ಎಲ್ಲರದ್ದೂ ಒಂದೇ ದೂರು. ಮಣಿಕಟ್ಟು ನೋವು, ಅಂಗೈ ಜೋಮು, ಕುತ್ತಿಗೆ ಹಿಡಿದುಕೊಂಡಿದೆ. ಹ್ಯಾಂಡಲ್ ಎತ್ತರಿಸಿದರೆ ಸರಿಹೋಗುತ್ತೆ ಅಂತ ಯಾರೋ ಹೇಳುತ್ತಾರೆ, ಆನ್‌ಲೈನಲ್ಲಿ ಆರ್ಡರ್ ಹೋಗುತ್ತೆ. ಹಾಕಿದ ಮೇಲೆ ಕೆಲವರಿಗೆ ಹಾಯೆನಿಸುತ್ತೆ, ಕೆಲವರಿಗೆ ಹೊಸ ನೋವು ಶುರುವಾಗುತ್ತೆ. ಬೇರೆ ಯಾರಿಗೋ ಒಪ್ಪಿದ ವಸ್ತುವನ್ನು ನಾವು ತಂದು ನಮ್ಮದಕ್ಕೆ ಜೋಡಿಸಿದರೆ ಏನಾಗುತ್ತೆ ಅನ್ನುವುದಕ್ಕೆ ಯಾನೆಚೆಕ್‌ನ ಬದುಕಿಗಿಂತ ಒಳ್ಳೆ ಪಾಠ ನಮಗೆ ಸಿಗಲಿಲ್ಲ.

ಆತ ಹುಟ್ಟಿದ್ದು 1878ರ ಜನವರಿ 23ರಂದು, ಬೊಹೀಮಿಯಾದ ಒಂದು ಸಣ್ಣ ಹಳ್ಳಿಯಲ್ಲಿ. ಈಗ ಅದು ಚೆಕ್ ದೇಶ, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗ. ಪ್ರಾಗ್‌ನಲ್ಲಿ ತಾಂತ್ರಿಕ ಶಿಕ್ಷಣ, ಆಮೇಲೆ ಬರ್ಲಿನ್‌ನಲ್ಲಿ ಹೆಚ್ಚಿನ ಓದು. ಕೆಲಸದ ಮೇಲೆ ನೆದರ್ಲ್ಯಾಂಡ್ಸ್‌ಗೂ ಹೋಗಿಬಂದ. ತಿರುಗಿ ಬಂದ ಮೇಲೆ ಪ್ರಾಗ್‌ನಲ್ಲಿ ಸ್ವಂತ ವರ್ಕ್‌ಶಾಪು ತೆರೆದ. ಕೈಯಲ್ಲಿ ಲೇತು, ತಲೆಯಲ್ಲಿ ಹೊಸ ಹೊಸ ಯೋಚನೆ. ಮುಂದೆ ಆತನ ಹೆಸರಿನಲ್ಲಿ ಹತ್ತಾರು ಪೇಟೆಂಟುಗಳು ಸೇರಿಕೊಂಡವು.

ಇಲ್ಲಿ ಒಂದು ವಿಷಯ ಮುಚ್ಚಿಡೋದು ಬೇಡ. ಯಾನೆಚೆಕ್ ದುಡ್ಡು ಮಾಡಿದ್ದು ಬೈಕಿನಿಂದಲ್ಲ, ಆಯುಧದಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಕೈಬಾಂಬಿನ ವಿನ್ಯಾಸ ಮಾಡಿದ. ಯುದ್ಧ ಮುಗಿದು ಚೆಕೊಸ್ಲೊವಾಕಿಯಾ ಹೊಸ ದೇಶವಾದ ಮೇಲೆ 1922ರಲ್ಲಿ ಆಯುಧ ಕಾರ್ಖಾನೆಯನ್ನೇ ಕಟ್ಟಿದ. ಹೊಸ ಸೈನ್ಯಕ್ಕೆ ಎಲ್ಲವೂ ಬೇಕಿತ್ತು, ಆರ್ಡರಿಗೆ ಕೊರತೆ ಇರಲಿಲ್ಲ. ಇದನ್ನು ಓದುವಾಗ ನಮ್ಮಲ್ಲಿ ಕೆಲವರಿಗೆ ಮುಜುಗರವಾಯಿತು, ಚರ್ಚೆಯೂ ಆಯಿತು. ಕೊನೆಗೆ ನಾವು ಒಪ್ಪಿಕೊಂಡದ್ದು ಇಷ್ಟು: ಮನುಷ್ಯನ ಬದುಕನ್ನು ಬರೆಯುವಾಗ ನಮಗೆ ಬೇಕಾದ ಅರ್ಧವನ್ನಷ್ಟೇ ಬರೆಯಬಾರದು.

1920ರ ದಶಕದ ಕೊನೆಗೆ ಸೈನ್ಯದ ಆರ್ಡರುಗಳು ಇಳಿದವು. ಯಂತ್ರಗಳಿವೆ, ಕುಶಲ ಕೆಲಸಗಾರರಿದ್ದಾರೆ, ಮಾಡಲು ಕೆಲಸವಿಲ್ಲ. ಬಾಗಿಲು ಹಾಕಬೇಕು, ಇಲ್ಲವೇ ಬೇರೆ ಏನಾದರೂ ಮಾಡಬೇಕು. ಆತ ಮೋಟಾರ್‌ಸೈಕಲ್ ಆರಿಸಿಕೊಂಡ. ಆದರೆ ಹೊಸದಾಗಿ ಬೈಕು ಕಟ್ಟಲು ವರ್ಷಗಳು ಬೇಕು. ಅದೇ ಸಮಯಕ್ಕೆ ಜರ್ಮನಿಯ ವಾಂಡರರ್ ಕಂಪನಿ ತನ್ನ 500 ಸಿಸಿ ಬೈಕಿನಿಂದ ಕೈ ತೊಳೆದುಕೊಳ್ಳಲು ನೋಡುತ್ತಿತ್ತು. ಯಾನೆಚೆಕ್ ಆ ವಿನ್ಯಾಸವನ್ನು ಕೊಂಡ. ತನ್ನ ಹೆಸರಿನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಸೇರಿಸಿ ಹೊಸ ಹೆಸರಿಟ್ಟ. ಚೆಕ್ ಭಾಷೆಯಲ್ಲಿ ಅದನ್ನು ಯಾವಾ ಅನ್ನುತ್ತಾರೆ, ನಮ್ಮ ಬಾಯಲ್ಲಿ ಜಾವಾ.

1929ರಲ್ಲಿ ಹೊರಬಂದ ಮೊದಲ ಜಾವಾ ನೋಡಲು ಗಂಭೀರ. ಉಕ್ಕಿನ ತಗಡನ್ನು ಒತ್ತಿ ಮಾಡಿದ ಫ್ರೇಮು, ಚೈನಿನ ಬದಲು ಶಾಫ್ಟ್ ಡ್ರೈವ್. ಮೆಕ್ಯಾನಿಕಲ್ ಹುಡುಗರು ಬಾಯಿ ಬಿಟ್ಟು ನೋಡುವಂಥ ಯಂತ್ರ. ಆದರೆ ಭಾರ ಹೆಚ್ಚು, ಬೆಲೆ ಇನ್ನೂ ಹೆಚ್ಚು, ಆರಂಭದ ತೊಂದರೆಗಳು ಬೇರೆ. ಅದೇ ವರ್ಷ ಜಗತ್ತಿನ ಆರ್ಥಿಕ ಕುಸಿತ ಶುರುವಾಯಿತು. ಕೆಲಸಕ್ಕೆ ಹೋಗಿಬರಲು ಗಾಡಿ ಬೇಕಾಗಿದ್ದ ಸಾಮಾನ್ಯ ಮನುಷ್ಯನಿಗೆ ಈ ಬೈಕು ಕೈಗೆಟುಕಲಿಲ್ಲ. ಬೈಕಿನಲ್ಲಿ ಇಂಜಿನಿಯರಿಂಗ್ ಇತ್ತು. ಅದನ್ನು ಓಡಿಸಬೇಕಾದವನ ಲೆಕ್ಕ ಇರಲಿಲ್ಲ.

ನಮಗೆ ಯಾನೆಚೆಕ್ ಇಷ್ಟವಾಗೋದು ಇಲ್ಲಿಂದ. ಆತ ಮೊದಲ ಬೈಕಿಗೇ ಜೋತುಬೀಳಲಿಲ್ಲ. 1930ರಲ್ಲಿ ಇಂಗ್ಲೆಂಡಿನಿಂದ ಜಾರ್ಜ್ ಪ್ಯಾಚೆಟ್ ಎಂಬ ವಿನ್ಯಾಸಕಾರನನ್ನು ಕರೆಸಿಕೊಂಡ. ಪ್ಯಾಚೆಟ್ ರೇಸಿನಲ್ಲಿ ಪಳಗಿದ ಮನುಷ್ಯ. ಆದರೂ ಕಂಪನಿಯನ್ನು ಉಳಿಸಿದ್ದು ರೇಸ್ ಬೈಕಲ್ಲ. ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ 175 ಸಿಸಿ ಟೂ-ಸ್ಟ್ರೋಕ್ ಇಂಜಿನ್ ಹಾಕಿ, ಹಗುರವಾದ ಸಾದಾ ಬೈಕೊಂದನ್ನು 1932ರಲ್ಲಿ ಬಿಟ್ಟರು. ತೂಕ 70 ಕೆಜಿ ಆಸುಪಾಸು. ಯಾರು ಬೇಕಾದರೂ ತಳ್ಳಬಹುದು, ಎತ್ತಿ ನಿಲ್ಲಿಸಬಹುದು, ಪೆಟ್ರೋಲಿಗೂ ಜೇಬು ಖಾಲಿಯಾಗಲ್ಲ. ಮೊದಲ ವರ್ಷವೇ 3,000ಕ್ಕೂ ಹೆಚ್ಚು ಮಾರಾಟವಾದವು. ಮೊದಲ ಬೈಕಿಗೆ ತಕ್ಕ ಗಿರಾಕಿಯನ್ನು ಹುಡುಕುತ್ತಿದ್ದ ಕಾರ್ಖಾನೆ, ಎರಡನೇ ಬೈಕನ್ನು ಗಿರಾಕಿಗೆ ತಕ್ಕಂತೆ ಕಟ್ಟಿತ್ತು. ಆಮೇಲೆ 250 ಸಿಸಿ ಬಂತು, ಸಣ್ಣ ಕಾರುಗಳೂ ಬಂದವು.

1939ರಲ್ಲಿ ನಾಜಿ ಜರ್ಮನಿ ಆ ದೇಶವನ್ನು ಹಿಡಿಯಿತು. ಕಾರ್ಖಾನೆ ಯುದ್ಧದ ಕೆಲಸಕ್ಕೆ ಹೋಯಿತು. ಯಾನೆಚೆಕ್ 1941ರ ಜೂನ್ 4ರಂದು ತೀರಿಕೊಂಡ. ಬಿಡುಗಡೆ ನೋಡುವ ಭಾಗ್ಯ ಆತನಿಗಿರಲಿಲ್ಲ. ಆದರೆ ಆತನ ಇಂಜಿನಿಯರುಗಳು ಆಕ್ರಮಣಕಾರರ ಕಣ್ಣು ತಪ್ಪಿಸಿ, ಯುದ್ಧ ಮುಗಿದ ಮೇಲೆ ಬೇಕಾಗುವ ಬೈಕನ್ನು ಗುಟ್ಟಾಗಿ ತಯಾರಿಸುತ್ತಿದ್ದರು. 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರಬಂತು. ಮುಂದೆ ಟೆಲಿಸ್ಕೋಪಿಕ್ ಫೋರ್ಕು, ಹಿಂದೆ ಸ್ಪ್ರಿಂಗು. ಆ ಸ್ಪ್ರಿಂಗಿನಿಂದಲೇ ಅದಕ್ಕೆ ಪೇರಾಕ್ ಎಂಬ ಹೆಸರು. ಹಾಳು ರಸ್ತೆಯಲ್ಲಿ ಕೂತವನ ಸೊಂಟದ ಬಗ್ಗೆ ಯೋಚಿಸಿದ ಬೈಕು ಅದು.

ಆ ವಂಶದ ಬೈಕು ನಮ್ಮ ರಾಜ್ಯಕ್ಕೆ ಬಂದದ್ದು 1960ರ ದಶಕದ ಆರಂಭದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅದನ್ನು ಇಲ್ಲೇ ತಯಾರಿಸಿತು, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿತು, 1996ರಲ್ಲಿ ಬಾಗಿಲು ಹಾಕಿತು. ಜಾವಾ ಅಂದರೆ ಜಯಚಾಮರಾಜ ಒಡೆಯರ್ ಅಂತ ಹಳಬರು ಹೇಳೋದುಂಟು. ಅಕ್ಷರ ಕೂಡಿಬಂದದ್ದು ಕಾಕತಾಳೀಯ. ಹೆಸರು ಯಾನೆಚೆಕ್‌ನದು. ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್ ಇದ್ದ ಆ ಬೈಕನ್ನು ನಮ್ಮ ತಾಲೂಕುಗಳ ಮನೆಗಳಲ್ಲಿ ಈಗಲೂ ಒರೆಸಿ ಇಟ್ಟವರಿದ್ದಾರೆ.

ಈಗ ನಮ್ಮ ಪಾರ್ಕಿಂಗಿಗೆ ಬರೋಣ. ಕಂಪನಿಯವರು ಹ್ಯಾಂಡಲ್ ಎತ್ತರವನ್ನು ಸರಾಸರಿ ಮನುಷ್ಯನಿಗೆ ಹೊಂದಿಸಿರುತ್ತಾರೆ. ಆರಡಿ ಹುಡುಗ, ಐದಡಿ ಹುಡುಗಿ ಇಬ್ಬರೂ ಆ ಸರಾಸರಿಯ ಹೊರಗೆ. ಸೀಟು, ಫುಟ್‌ರೆಸ್ಟು, ಹ್ಯಾಂಡಲ್ ಈ ಮೂರೂ ಸೇರಿ ಒಂದು ತ್ರಿಕೋನ. ಒಂದು ಮೂಲೆ ಕದಲಿಸಿದರೆ ಮೈಭಾರ ಬೇರೆ ಕಡೆ ಹೋಗುತ್ತೆ. ಹಾಗಾಗಿ ಮೊದಲ ಜಾವಾದಂತೆ ಸಿದ್ಧವಸ್ತು ಕೊಳ್ಳುವ ಮುಂಚೆ ಅಳತೆ ತಗೊಳ್ರಿ.

ಗೆಳೆಯನಿಗೆ ಬೈಕು ನೆಟ್ಟಗೆ ಹಿಡಿಯಲು ಹೇಳಿ, ಕೂತು, ಕಣ್ಣು ಮುಚ್ಚಿ. ಬೆನ್ನು ಸಹಜವಾಗಿರಲಿ, ಮೊಣಕೈ ಸ್ವಲ್ಪ ಮಡಚಿರಲಿ, ಕೈ ತಾನಾಗಿ ಎಲ್ಲಿ ನಿಲ್ಲುತ್ತೋ ಅಲ್ಲಿಂದ ಗ್ರಿಪ್ಪಿಗೆ ಎಷ್ಟು ಅಂತರ ಅಂತ ಸ್ಕೇಲ್ ಹಿಡಿದು ನೋಡಿ. ಮೇಲಕ್ಕೆ ಎಷ್ಟು, ನಮ್ಮ ಕಡೆಗೆ ಎಷ್ಟು, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಕೆಲವು ರೈಸರು ಬರೀ ಎತ್ತರಿಸುತ್ತವೆ, ಕೆಲವು ಹಿಂದಕ್ಕೂ ತರುತ್ತವೆ. ಅಂತರ ಕಡಿಮೆಯಿದ್ದರೆ ಕ್ಲ್ಯಾಂಪ್ ಸಡಿಲಿಸಿ ಹ್ಯಾಂಡಲನ್ನೇ ಸ್ವಲ್ಪ ತಿರುಗಿಸಿ, ಲಿವರುಗಳ ಕೋನ ಸರಿಮಾಡಿದರೆ ಸಾಕಾಗಬಹುದು, ಅದಕ್ಕೆ ಖರ್ಚಿಲ್ಲ. ಎರಡು ಮೂರು ಸೆಂಟಿಮೀಟರ್ ಇದ್ದರೆ ರೈಸರ್ ಸರಿ. ಅದಕ್ಕೂ ಹೆಚ್ಚಿದ್ದರೆ ಬೇರೆ ಹ್ಯಾಂಡಲ್ ಹಾಕೋದೇ ಮೇಲು. ಸೀಟು ಮುಂದಕ್ಕೆ ಜಾರಿಸುತ್ತಿದ್ದರೆ ಭಾರ ಮಣಿಕಟ್ಟಿಗೇ ಬೀಳುತ್ತೆ, ಅಲ್ಲಿ ರೈಸರ್ ಒಂದರಿಂದಲೇ ನೋವು ಹೋಗಲ್ಲ.

ಕೊಳ್ಳುವಾಗ ಹ್ಯಾಂಡಲ್ ಪೈಪಿನ ದಪ್ಪ ನೋಡಿ. 22 ಮಿಮೀ ಸಾಮಾನ್ಯ, ಕೆಲವು ದೊಡ್ಡ ಬೈಕುಗಳಲ್ಲಿ 28 ಮಿಮೀ. ಗಟ್ಟಿ ಅಲ್ಯೂಮಿನಿಯಂ ಕಡೆದು ಮಾಡಿದ್ದಾಗಿರಲಿ. ಜೊತೆಗೆ ಉದ್ದನೆಯ ಬೋಲ್ಟು ಬರುತ್ತೆ. ಅದರ ದರ್ಜೆ ಕಂಪನಿ ಬೋಲ್ಟಿಗಿಂತ ಕಡಿಮೆ ಇರಬಾರದು, ಹಳೆಯದು ಎಷ್ಟು ಥ್ರೆಡ್ ಹಿಡಿಯುತ್ತಿತ್ತೋ ಅಷ್ಟಾದರೂ ಹಿಡಿಯಬೇಕು. ಬಿಗಿಯೋದು ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್‌ನ ಲೆಕ್ಕಕ್ಕೆ.

ಹಾಕಿದ ಮೇಲೆ ಒಂದು ಪರೀಕ್ಷೆ ತಪ್ಪಿಸಲೇಬೇಡಿ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸ್, ಕ್ಲಚ್ ಕೇಬಲ್, ವೈರುಗಳು ಎಳೆದಂತೆ ಬಿಗಿಯಾಗಬಾರದು. ನ್ಯೂಟ್ರಲ್‌ನಲ್ಲಿ ಇಂಜಿನ್ ಆನ್ ಮಾಡಿ ಮತ್ತೆ ತಿರುಗಿಸಿ. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದೆ ಅಂತ ಅರ್ಥ. ಹಾಗೆಯೇ ಊರಿಗೆ ಹೊರಟರೆ ತಿರುವಿನಲ್ಲಿ ಗಾಡಿ ತಾನಾಗೇ ಮುನ್ನುಗ್ಗುತ್ತೆ. ಮಣಿಕಟ್ಟು ನೋವು ಔಷಧಿಗೆ ಹೋಗಬಹುದು, ಇದರ ಕಥೆ ಹಾಗಲ್ಲ.

ರೈಸರಿನಿಂದ ಫೋರ್ಕಿನ ಕೋನ ಬದಲಾಗಲ್ಲ. ಆದರೆ ಮೈ ಹಿಂದಕ್ಕೆ ಬರೋದರಿಂದ ಮುಂದಿನ ಚಕ್ರದ ಮೇಲಿನ ಭಾರ ಸ್ವಲ್ಪ ತಗ್ಗುತ್ತೆ, ಬಯಲಿನಲ್ಲಿ ಎದೆಗೆ ಗಾಳಿ ಹೆಚ್ಚು ಬಡಿಯುತ್ತೆ. ಆದ್ದರಿಂದ ಮೊದಲ ವಾರ ನಿಧಾನ ಓಡಿಸಿ, ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ.

ನಮ್ಮಲ್ಲಿ ಹಲವರು ನಾಳೆ ಏನನ್ನಾದರೂ ವಿನ್ಯಾಸ ಮಾಡೋರೇ. ಪಂಪೋ, ಆ್ಯಪೋ, ಬೈಕೋ. ಯಾನೆಚೆಕ್‌ಗೆ ಎರಡನೇ ಬೈಕು ಕಟ್ಟುವ ಅವಕಾಶ ಸಿಕ್ಕಿತು, ಎಲ್ಲರಿಗೂ ಸಿಗುತ್ತೆ ಅಂತಿಲ್ಲ. ಮೊದಲ ಸಲವೇ ಸ್ಕೇಲ್ ಹಿಡಿದು, ಅದನ್ನು ಬಳಸುವವರ ಪಕ್ಕದಲ್ಲಿ ನಿಂತು ಅಳೆಯೋಣ.