ಬಿರುಗಾಳಿ ನಿಂತ ಮೇಲಿನ ಆರು ವರ್ಷ

ಅಮೇಜಿಂಗ್ ಗ್ರೇಸ್ ಅನ್ನೋ ಇಂಗ್ಲಿಷ್ ಗೀತೆ ಕೇಳದವರು ನಮ್ಮಲ್ಲಿ ಕಡಿಮೆ. ಇಲ್ಲಿ ಗಲ್ಫ್‌ನಲ್ಲಿ ಶುಕ್ರವಾರದ ಆರಾಧನೆಗೆ ಹೋಗುವ ನಮಗಂತೂ ಅದು ಬಾಯಿಪಾಠ. ಬರೆದವನ ಕಥೆಯನ್ನೂ ಪ್ರಸಂಗಗಳಲ್ಲಿ ಹೇಳುತ್ತಾರೆ. ಗುಲಾಮರನ್ನು ಸಾಗಿಸುವ ಹಡಗಿನವನು, ಬಿರುಗಾಳಿಯಲ್ಲಿ ಸಿಕ್ಕಿ ದೇವರನ್ನು ಕೂಗಿದ, ಮನಸ್ಸು ತಿರುಗಿತು, ದಂಧೆ ಬಿಟ್ಟು ಬೋಧಕನಾದ. ಕೇಳೋಕೆ ಚೆನ್ನಾಗಿದೆ. ನಡೆದದ್ದು ಮಾತ್ರ ಅಷ್ಟು ಸಲೀಸಲ್ಲ. ಹಡಗು ರಿಪೇರಿ ಯಾರ್ಡಿನಲ್ಲಿ ದುಡಿಯುವ ನನಗೆ ಈ ಮನುಷ್ಯನ ಮೇಲೆ ಮೊದಲಿಂದಲೂ ಕುತೂಹಲ. ಓದಿ ತಿಳಿದದ್ದನ್ನು ನನ್ನ ಮಾತಲ್ಲೇ ಹೇಳುತ್ತೇನೆ.

ಜಾನ್ ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ನದಿದಂಡೆಯ ವಾಪಿಂಗ್‌ನಲ್ಲಿ. ಶಾಲೆಯಲ್ಲಿ ಓದಿದ ವಿಜ್ಞಾನಿ ನ್ಯೂಟನ್ ಬೇರೆ. ಅಪ್ಪ ಸರಕು ಹಡಗಿನ ಕ್ಯಾಪ್ಟನ್, ಮನೆಯಲ್ಲಿ ಇದ್ದದ್ದೇ ಅಪರೂಪ. ಬೈಬಲ್ ಕಲಿಸಿದ್ದು ಅಮ್ಮ. ಮಗನಿಗೆ ಏಳು ತುಂಬುವ ಮೊದಲೇ ಆಕೆ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದಕ್ಕೆ ಹುಡುಗ ಹಡಗು ಹತ್ತಿದ. 1744ರಲ್ಲಿ ಅವನನ್ನು ಯುದ್ಧನೌಕೆಗೆ ಬಲವಂತವಾಗಿ ಎಳೆದೊಯ್ದರು. ಓಡಿಹೋದ, ಸಿಕ್ಕಿಬಿದ್ದ, ಎಲ್ಲರ ಮುಂದೆ ಚಾಟಿಯೇಟು ತಿಂದ. ಅಷ್ಟರಲ್ಲಿ ದೇವರೂ ಇಲ್ಲ, ನ್ಯಾಯತೀರ್ಪೂ ಇಲ್ಲ ಎಂದು ತೀರ್ಮಾನಿಸಿ ಜೊತೆಯವರ ನಂಬಿಕೆಯನ್ನೂ ಕೆಡಿಸುತ್ತಿದ್ದ. ನೌಕೆಯವರು ಕೊನೆಗೆ ಆಫ್ರಿಕಾಕ್ಕೆ ಹೊರಟಿದ್ದ ಗುಲಾಮರ ವ್ಯಾಪಾರದ ಹಡಗೊಂದಕ್ಕೆ ಅವನನ್ನು ದಾಟಿಸಿಬಿಟ್ಟರು.

ಮುಂದಿನ ಭಾಗ ಓದುವಾಗ ನನಗೆ ಊಟ ಸೇರಲಿಲ್ಲ. ಈಗಿನ ಸಿಯೆರಾ ಲಿಯೋನ್ ತೀರದ ಪ್ಲಾಂಟೇನ್ ದ್ವೀಪಗಳಲ್ಲಿ ಒಬ್ಬ ಬಿಳಿಯ ವ್ಯಾಪಾರಿಯ ಕೈಕೆಳಗೆ ನ್ಯೂಟನ್ ಕೆಲಸಕ್ಕೆ ಸೇರಿದ. ಸೇರಿದ ಕೂಡಲೇ ಜ್ವರ ಬಂದು ಮಲಗಿದ. ಧಣಿ ಇಲ್ಲದಾಗ ಧಣಿಯ ಹೆಂಗಸು ಇವನಿಗೆ ನೀರನ್ನೂ ಸರಿಯಾಗಿ ಕೊಡಲಿಲ್ಲ. ಆಮೇಲೆ ಧಣಿಯೂ ಕಳ್ಳನೆಂದು ಅನುಮಾನಿಸಿದ. ಮೈಮೇಲೆ ಹರುಕು ಬಟ್ಟೆ, ರಾತ್ರಿ ಹೊತ್ತು ತೋಟದ ಗೆಡ್ಡೆ ಕಿತ್ತು ಹಸಿಯಾಗಿ ತಿನ್ನುವುದು. ಆಗ ಅವನಿಗೆ ಕದ್ದುಮುಚ್ಚಿ ಅನ್ನ ಕೊಟ್ಟವರು ಯಾರು ಗೊತ್ತೇ? ಸರಪಳಿಯಲ್ಲಿದ್ದ ಗುಲಾಮರು. ತಮಗೆ ಸಿಗುತ್ತಿದ್ದ ಚೂರುಪಾರಿನಲ್ಲೇ ಒಂದು ಪಾಲು. ಈ ಸಂಗತಿಯನ್ನು ಬರೆದಿಟ್ಟವನೂ ಅವನೇ.

ಅಪ್ಪನ ಕೋರಿಕೆಯಂತೆ ಗ್ರೇಹೌಂಡ್ ಎಂಬ ಹಡಗು ಅವನನ್ನು ಹುಡುಕಿ ಹತ್ತಿಸಿಕೊಂಡಿತು. 1748ರ ಮಾರ್ಚ್ ತಿಂಗಳ ಒಂದು ರಾತ್ರಿ, ಅಟ್ಲಾಂಟಿಕ್ ನಡುವೆ ಬಿರುಗಾಳಿ. ಹಡಗಿನ ಒಂದು ಬದಿಯ ಹಲಗೆಗಳು ಕಿತ್ತುಹೋದವು. ಇವನು ಮೇಲೆ ಓಡುತ್ತಿದ್ದಾಗ ಚಾಕು ತಾ ಎಂದು ಕ್ಯಾಪ್ಟನ್ ಹೇಳಿದ. ತರಲು ತಿರುಗಿದ ಹೊತ್ತಿಗೆ ಇವನ ಬದಲು ಮೇಲೆ ಹೋದವನನ್ನು ಅಲೆ ಒಯ್ದಿತು. ಸರಕು ಜೇನುಮೇಣ ಮತ್ತು ಮರವಾಗಿತ್ತು, ನೀರಿಗಿಂತ ಹಗುರ. ಅದರಿಂದಲೇ ಹಡಗು ಮುಳುಗಲಿಲ್ಲ. ಯಾರ್ಡಿನವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಪಂಪು ಹೊಡೆಯುತ್ತಾ ಅವನ ಬಾಯಲ್ಲಿ ದೇವರ ದಯೆಯ ಮಾತು ತಾನಾಗಿ ಬಂತು. ತಕ್ಷಣವೇ ಹೆದರಿದ: ನನ್ನಂಥವನಿಗೆ ಎಲ್ಲಿಯ ದಯೆ? ಕರೆದಾಗ ಕಿವಿಗೊಡದವರ ಕೂಗಿಗೆ ಮುಂದೆ ಉತ್ತರ ಸಿಗದು ಎನ್ನುವ ಜ್ಞಾನೋಕ್ತಿಗಳ ಮೊದಲನೇ ಅಧ್ಯಾಯ ನೆನಪಾಯಿತು. ದಡ ಕಾಣಲು ನಾಲ್ಕು ವಾರ ಹಿಡಿಯಿತು. ಆ ದಿನಗಳಲ್ಲಿ ಸುವಾರ್ತೆ ತೆರೆದು ಓದಿದ, ತಪ್ಪಿಹೋದ ಮಗನ ಕಥೆಯಲ್ಲಿ ತನ್ನನ್ನೇ ಕಂಡ. ಏಪ್ರಿಲ್‌ನಲ್ಲಿ ಐರ್ಲೆಂಡಿನ ತೀರ ಸಿಕ್ಕಿತು. ಬೈಗುಳ ಬಿಟ್ಟ. ಪ್ರಾರ್ಥನೆ ಶುರುಮಾಡಿದ.

ಪ್ರಸಂಗದ ಕಥೆ ಇಲ್ಲಿಗೆ ಮುಗಿಯುತ್ತದೆ. ಬದುಕು ಮುಗಿಯಲಿಲ್ಲವಲ್ಲ! ಅದೇ ವರ್ಷ ಅವನು ಮತ್ತೆ ಗುಲಾಮರ ಹಡಗು ಹತ್ತಿದ, ಈ ಸಲ ಕ್ಯಾಪ್ಟನ್ನನ ಕೆಳಗಿನ ಮೊದಲ ಅಧಿಕಾರಿಯಾಗಿ. 1750ರಲ್ಲಿ ಮೇರಿಯನ್ನು ಮದುವೆಯಾದ. ನಂತರ ತಾನೇ ಕ್ಯಾಪ್ಟನ್ ಆಗಿ ಮೂರು ಯಾನ ಮಾಡಿದ. ಭಾನುವಾರ ಮೇಲಿನ ಅಟ್ಟದಲ್ಲಿ ನಾವಿಕರಿಗೆ ಆರಾಧನೆ, ಕೆಳಗಿನ ಕತ್ತಲಲ್ಲಿ ಕಾಲಿಗೆ ಕಬ್ಬಿಣ ಹಾಕಿಸಿಕೊಂಡು ಮಲಗಿದ ಜನ. ದಂಗೆಯ ಸುಳಿವು ಸಿಕ್ಕಾಗ ಬಾಯಿಬಿಡಿಸಲು ಹುಡುಗರ ಹೆಬ್ಬೆರಳಿಗೆ ತಿರುಪು ಹಾಕಿಸಿದ್ದನ್ನು ದಿನಚರಿಯಲ್ಲಿ ತಾನೇ ದಾಖಲಿಸಿದ್ದಾನೆ. ಹೆಂಡತಿಗೆ ಪ್ರೀತಿಯ, ಭಕ್ತಿಯ ಕಾಗದಗಳೂ ಅದೇ ಹಡಗಿಂದ ಹೋಗುತ್ತಿದ್ದವು. 1754ರಲ್ಲಿ ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ. ಮುಂದಿನ ಯಾನಕ್ಕೆ ಎರಡು ದಿನ ಇರುವಾಗ ಪ್ರಜ್ಞೆ ತಪ್ಪಿ ಬಿದ್ದ, ವೈದ್ಯರು ಬೇಡವೆಂದರು.

ಅವನು ಕಪಟಿಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅವನ ಪಾಪದ ಪಟ್ಟಿಯಲ್ಲಿ ಕೆಟ್ಟ ಮಾತು, ದೇವದೂಷಣೆ, ಕಾಮ ಎಲ್ಲ ಇದ್ದವು. ಹೊಟ್ಟೆಪಾಡಿನ ಕೆಲಸ ಇರಲಿಲ್ಲ, ಅಷ್ಟೆ. ಊರೆಲ್ಲ ಮರ್ಯಾದಸ್ಥ ಉದ್ಯೋಗ ಅಂದದ್ದನ್ನು ಅವನೂ ಹಾಗೇ ಅಂದುಕೊಂಡ. ನಮ್ಮಲ್ಲೂ ನೋಡಿ, ಕುಡಿತ, ಇಸ್ಪೀಟು ಪಾಪ ಅಂತ ಕ್ಯಾಂಪಿನಲ್ಲಿ ಎಷ್ಟು ಬುದ್ಧಿವಾದ! ವೀಸಾ ಹೆಸರಲ್ಲಿ ಊರ ಹುಡುಗನ ಅಪ್ಪನಿಂದ ಜಮೀನು ಅಡ ಇಡಿಸಿ ಕಮಿಷನ್ ತಿಂದವನು ಮುಂದಿನ ಸಾಲಲ್ಲೇ ಕೂತಿರುತ್ತಾನೆ, ಅದಕ್ಕೆ ಪಾಪ ಅನ್ನೋ ಹೆಸರೇ ಇಲ್ಲ.

ಲಿವರ್‌ಪೂಲಿನಲ್ಲಿ ಸುಂಕದ ಕೆಲಸ ಮಾಡುತ್ತಾ ಗ್ರೀಕ್, ಹೀಬ್ರೂ ಕಲಿತು, 1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿಗೆ ಬೋಧಕನಾಗಿ ಹೋದ. ಲೇಸು ಹೆಣೆದು ಬದುಕುವ ಬಡವರ ಊರು. ಅಲ್ಲಿ ಕವಿ ವಿಲಿಯಂ ಕೂಪರ್ ಗೆಳೆಯನಾದ. ಇಬ್ಬರ ಗೀತೆಗಳೂ 1779ರಲ್ಲಿ ಒಂದೇ ಪುಸ್ತಕವಾಗಿ ಬಂದವು. ಆ ಪ್ರಸಿದ್ಧ ಗೀತೆಯನ್ನು ನ್ಯೂಟನ್ ಬರೆದದ್ದು 1773ರ ಹೊಸವರ್ಷದ ಪ್ರಸಂಗಕ್ಕೆ. ಈಗ ಹಾಡುವ ರಾಗ ಆಗ ಇರಲಿಲ್ಲ, ಅದು ಸೇರಿದ್ದು 1835ರಲ್ಲಿ ಅಮೆರಿಕದಲ್ಲಿ. ವಿಚಿತ್ರವೆಂದರೆ, ಅದೇ ಜನವರಿಯಲ್ಲಿ ಕೂಪರ್‌ಗೆ ಮನಸ್ಸು ಕೆಟ್ಟಿತು, ದೇವರು ತನ್ನನ್ನು ಶಾಶ್ವತವಾಗಿ ತಳ್ಳಿಬಿಟ್ಟ ಎಂದು ನಂಬಿದ. ಕೊನೆಯ ತನಕ ಆ ನಂಬಿಕೆ ಬಿಡಲಿಲ್ಲ. ನ್ಯೂಟನ್ ದಂಪತಿ ಅವನನ್ನು ವರ್ಷಕ್ಕೂ ಮಿಕ್ಕಿ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ರಕ್ಷಣೆಯ ನಿರೀಕ್ಷೆ ಬಗ್ಗೆ ನ್ಯೂಟನ್ ಮಾಡಿದ ದೊಡ್ಡ ಪ್ರಸಂಗ ಇದೇ ಇರಬೇಕು, ಬಾಗಿಲು ಮುಚ್ಚದೆ ಇದ್ದದ್ದು.

1780ರಲ್ಲಿ ಲಂಡನ್ನಿಗೆ ಬಂದ. 1785ರಲ್ಲಿ ವಿಲ್ಬರ್‌ಫೋರ್ಸ್ ಎಂಬ ಯುವ ಸಂಸತ್ ಸದಸ್ಯ ರಾಜಕೀಯ ಬಿಡಲೇ ಎಂದು ಗುಟ್ಟಾಗಿ ಕೇಳಲು ಬಂದಾಗ, ಬಿಡಬೇಡ ಎಂದವನು ನ್ಯೂಟನ್. 1788ರಲ್ಲಿ, ಹಡಗು ಬಿಟ್ಟು ಮೂವತ್ತನಾಲ್ಕು ವರ್ಷದ ಮೇಲೆ, ಗುಲಾಮರ ವ್ಯಾಪಾರದ ಬಗ್ಗೆ ಕಿರುಪುಸ್ತಕ ಬರೆದ. ಚಾಟಿ, ತಿರುಪು, ಹೆಂಗಸರ ಮೇಲಿನ ಅತ್ಯಾಚಾರ, ಉಸಿರಾಡಲೂ ಜಾಗವಿಲ್ಲದ ತಳ, ಏನನ್ನೂ ಮುಚ್ಚಲಿಲ್ಲ. ತಾನೂ ಅದರಲ್ಲಿ ಕೈಹಾಕಿದವನೆಂದೂ, ತಪ್ಪೊಪ್ಪಿಗೆ ತುಂಬಾ ತಡವಾಯಿತೆಂದೂ ಒಪ್ಪಿಕೊಂಡ. ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿಯನ್ನೂ ಹೇಳಿದ. ಸರಪಳಿಯ ಕೈಯಿಂದ ಅನ್ನ ಉಂಡವನಿಗೆ ಇಷ್ಟು ವರ್ಷ ಏಕೆ ಬೇಕಾಯಿತು ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

1790ರಲ್ಲಿ ಮೇರಿ ತೀರಿಕೊಂಡಳು. ವಯಸ್ಸಾದ ಹಾಗೆ ಕಣ್ಣು ಮಂಜಾಯಿತು, ನೆನಪು ಜಾರತೊಡಗಿತು, ಆದರೂ ಪ್ರಸಂಗಪೀಠ ಬಿಡಲು ಬಹಳ ಕಾಲ ಒಪ್ಪಲಿಲ್ಲ. 1807ರ ಮಾರ್ಚ್ 25ರಂದು ಬ್ರಿಟನ್ ಗುಲಾಮರ ವ್ಯಾಪಾರವನ್ನು ಕಾನೂನಿನಿಂದ ನಿಷೇಧಿಸಿತು. ಅದೇ ವರ್ಷ ಡಿಸೆಂಬರ್ 21ರಂದು, 82ನೇ ವಯಸ್ಸಿನಲ್ಲಿ, ನ್ಯೂಟನ್ ಲಂಡನ್ನಿನಲ್ಲಿ ಕಣ್ಣುಮುಚ್ಚಿದ.