ಸೈಕಲ್ ಅಂಗಡಿಯ ಲಕ್ಷ್ಮಣರಾಯರು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ನಮ್ಮ ಊರುಗಳ ಓಣಿಗಳಲ್ಲಿ ಸಂಜೆಯ ಹೊತ್ತು ಅಡ್ಡಾಡುವವರಿಗೆ ಒಂದು ನೋಟ ಹೊಸದಲ್ಲ. ಮನೆಯ ಕಟ್ಟೆಯ ಮುಂದೆ ಸೈಕಲ್ಲೊಂದನ್ನು ತಲೆಕೆಳಗು ಮಾಡಿ ನಿಲ್ಲಿಸಿಕೊಂಡು, ಕೈಗೆಲ್ಲ ಗ್ರೀಸು ಬಳಿದುಕೊಂಡು ಹುಡುಗನೊಬ್ಬನು ಕುಳಿತಿರುತ್ತಾನೆ. ಅದರ ಚೌಕಟ್ಟು ಅಜ್ಜನ ಕಾಲದ್ದು. ಹಿಂದಿನ ಗಾಲಿ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ತಂದದ್ದು. ಹ್ಯಾಂಡಲ್ಲು ಗೆಳೆಯನು ಬೇಡವೆಂದು ಬಿಟ್ಟದ್ದು. ಚೈನೊಂದು ಮಾತ್ರ ಹೊಸದು. ಹೀಗೆ ನಾಲ್ಕು ಮನೆಯ ನಾಲ್ಕು ತುಂಡುಗಳು ಕೂಡಿ ಒಂದು ವಾಹನವಾಗುತ್ತದೆ. ಹಾಲಿನ ಕ್ಯಾನು ಕಟ್ಟಲು ಒಬ್ಬನು ಕ್ಯಾರಿಯರನ್ನು ಅಗಲ ಮಾಡಿಸಿದರೆ, ಹೊಲದ ದಾರಿಯ ಏರು ಹತ್ತಲೆಂದು ಇನ್ನೊಬ್ಬನು ಹಿಂದಿನ ಹಲ್ಲುಚಕ್ರವನ್ನೇ ಬದಲಿಸುತ್ತಾನೆ.

ಹಿರಿಯರು ಇದನ್ನು ಮೆಚ್ಚುವುದು ಕಡಿಮೆ. ಓದುವ ಹುಡುಗನ ಕೈಗೆ ಪಾನಾ ಏತಕ್ಕೆ ಎಂಬುದು ಅವರ ಆಕ್ಷೇಪಣೆ. ಆದರೆ ಆ ಹುಡುಗನು ಅರಿಯದೆಯೇ ಒಂದು ಪಾಠವನ್ನು ಓದುತ್ತಿರುತ್ತಾನೆ. ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲುಗಳಿದ್ದು ಹಿಂದಿನದಕ್ಕೆ 16 ಇದ್ದರೆ, ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಗಾಲಿ ಮೂರು ಸುತ್ತು ತಿರುಗುತ್ತದೆ. ಹಿಂದೆ 24 ಹಲ್ಲಿನದನ್ನು ಹಾಕಿದರೆ ಎರಡೇ ಸುತ್ತು. ಓಟ ತಗ್ಗುತ್ತದೆ, ತುಳಿಯುವುದು ಹಗುರವಾಗುತ್ತದೆ. ಗಣಿತದ ಪುಸ್ತಕದಲ್ಲಿ ಒಣ ಲೆಕ್ಕವಾಗಿದ್ದುದು ಇಲ್ಲಿ ಕಾಲಿಗೆ ತಿಳಿಯುವ ಸತ್ಯವಾಗುತ್ತದೆ.

ಇಂಥ ಕೆಲಸದಿಂದಲೇ ತನ್ನ ಬಾಳನ್ನು ಆರಂಭಿಸಿ, ನಾಡಿನ ಒಕ್ಕಲುತನಕ್ಕೆ ಹೊಸ ಉಪಕರಣಗಳನ್ನು ಕೊಟ್ಟ ಮಹನೀಯರೊಬ್ಬರು ನಮ್ಮ ಕರ್ನಾಟಕದ ನೆಲದಲ್ಲಿಯೇ ಹುಟ್ಟಿದರು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು. ಅವರ ಹೆಸರನ್ನು ಪಂಪುಗಳ ಮೇಲೆ, ಎಂಜಿನ್ನುಗಳ ಮೇಲೆ ಓದದವರು ವಿರಳ. ಆದರೆ ಆ ಹೆಸರಿನ ಹಿಂದೆ ಒಂದು ಚಿಕ್ಕ ಸೈಕಲ್ ಅಂಗಡಿಯಿದೆಯೆಂಬುದು ಅನೇಕರಿಗೆ ತಿಳಿಯದು.

ಲಕ್ಷ್ಮಣರಾಯರು 1869ನೆಯ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠೀ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಬಲ್ಲಿದರು. ಮಗನಿಗೆ ಮಾತ್ರ ಪಾಠದ ಪುಸ್ತಕಗಳಲ್ಲಿ ರುಚಿ ಹತ್ತಲಿಲ್ಲ. ಚಿತ್ರ ಬರೆಯುವುದು, ಯಂತ್ರದ ಸಾಮಾನುಗಳನ್ನು ಕೈಯಾಡಿಸುವುದು, ಇವೆರಡೇ ಅವರ ಆಸಕ್ತಿಗಳು. 1885ರಲ್ಲಿ ಅವರು ಮುಂಬಯಿಗೆ ಹೋಗಿ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷಗಳ ಬಳಿಕ ಒಂದು ದೊಡ್ಡ ಆಘಾತ ಕಾದಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ಸರಿಯಾಗಿ ತಿಳಿಯುತ್ತಿರಲಿಲ್ಲವೆಂಬುದು ಗೊತ್ತಾಯಿತು. ಚಿತ್ರಕಾರನಾಗಬೇಕೆಂದು ಮನೆಬಿಟ್ಟು ಬಂದ ತರುಣನಿಗೆ ಇದಕ್ಕಿಂತ ಕ್ರೂರವಾದ ಸುದ್ದಿ ಮತ್ತೇನಿದ್ದೀತು? ವರ್ಣಚಿತ್ರವನ್ನು ಬಿಡಬೇಕಾಯಿತು. ಆದರೆ ಕೈಯ ನೈಪುಣ್ಯವೇನೂ ಹೋಗಿರಲಿಲ್ಲ. ಬಣ್ಣ ಬೇಡದ ಚಿತ್ರವೊಂದಿತ್ತು. ಅದು ಯಂತ್ರದ ರೇಖಾಚಿತ್ರ. ಅಲ್ಲಿ ಬೇಕಾದುದು ಅಳತೆ, ಗೆರೆ ಮತ್ತು ಶ್ರದ್ಧೆ. ಲಕ್ಷ್ಮಣರಾಯರು ಅದನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದೇ ವಿಷಯದ ಅಧ್ಯಾಪಕರಾದರು. ಅಲ್ಲಿಯ ಕರ್ಮಶಾಲೆಯ ಯಂತ್ರಗಳು ಅವರಿಗೆ ಎರಡನೆಯ ಗುರುಗಳಾದವು.

ಅದು ಜಗತ್ತಿನಲ್ಲಿ ಸೈಕಲ್ಲು ತನ್ನ ಇಂದಿನ ರೂಪವನ್ನು ತಳೆಯುತ್ತಿದ್ದ ಕಾಲ. ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಅಪಾಯದ ವಾಹನದ ಬದಲು, ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿದ್ದು ಹಿಂದಿನ ಗಾಲಿಗೆ ಚೈನು ಜೋಡಿಸಿದ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು 1885ರಲ್ಲಿ ಹೊರತಂದಿದ್ದನು. ಗಾಳಿ ತುಂಬಿದ ರಬ್ಬರ್ ಟಾಯರಿಗೆ ಡನ್‌ಲಪ್ ಎಂಬ ಪಶುವೈದ್ಯನು ಹಕ್ಕುಪತ್ರ ಪಡೆದದ್ದು 1888ರಲ್ಲಿ. ಮುಂಬಯಿಯ ರಸ್ತೆಯಲ್ಲಿ ಒಬ್ಬನು ಎರಡು ಗಾಲಿಗಳ ಮೇಲೆ ಬೀಳದೆ ಓಡುತ್ತಿದ್ದುದನ್ನು ಕಂಡು ಲಕ್ಷ್ಮಣರಾಯರು ಬೆರಗಾದರು. ತಾವೂ ಒಂದನ್ನು ಕೊಂಡು ಸವಾರಿ ಕಲಿತರು.

1888ರಲ್ಲಿ ಬೆಳಗಾವಿಯಲ್ಲಿ ಸಣ್ಣ ಸೈಕಲ್ ಅಂಗಡಿಯೊಂದು ಆರಂಭವಾಯಿತು. ಕಿರ್ಲೋಸ್ಕರ ಮನೆತನದ ಉದ್ಯಮವು ತನ್ನ ಹುಟ್ಟಿನ ವರ್ಷವೆಂದು ಇಂದಿಗೂ ಎಣಿಸುವುದು ಇದನ್ನೇ. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲು ಕೊಂಡು ಕಳಿಸುವರು. ಅಣ್ಣ ರಾಮಣ್ಣನವರು ಬೆಳಗಾವಿಯಲ್ಲಿ ಅವನ್ನು ಮಾರುವರು. ಒಂದು ಸೈಕಲ್ಲಿನ ಬೆಲೆ ಆಗ 700ರಿಂದ 1000 ರೂಪಾಯಿ. ಬಡವರಿಗೆ ಅದು ಕನಸಿನ ಮಾತು. ಅಧಿಕಾರಿಗಳೂ ಶ್ರೀಮಂತರೂ ಮಾತ್ರ ಕೊಳ್ಳಬಲ್ಲವರಾಗಿದ್ದರು. ಕೊಂಡರೂ ಹತ್ತಲು ಬರಬೇಕಲ್ಲ! 15 ರೂಪಾಯಿ ತೆಗೆದುಕೊಂಡು ಸವಾರಿಯನ್ನು ಕಲಿಸುವುದೂ ಅಂಗಡಿಯ ಒಂದು ವ್ಯವಹಾರವಾಗಿತ್ತು.

ಮಾರಾಟಕ್ಕಿಂತಲೂ ಮುಖ್ಯವಾದುದು ದುರಸ್ತಿಯ ಕೆಲಸ. ಭಾರತದಲ್ಲಿ ಸೈಕಲ್ಲಿನ ಕಾರಖಾನೆಗಳು ಎದ್ದದ್ದು 1930ರ ದಶಕದ ಕೊನೆಗೆ. ಅದಕ್ಕೆ ಮುಂಚೆ ಸೈಕಲ್ಲೂ ಹಡಗಿನಲ್ಲಿ ಬರಬೇಕು, ಅದರ ಬಿಡಿಭಾಗವೂ ಹಡಗಿನಲ್ಲಿ ಬರಬೇಕು. ಮುರಿದುದನ್ನು ಬಿಸಾಡಿ ಹೊಸದನ್ನು ಹಾಕುವ ಅನುಕೂಲ ಅಂದಿನ ಮಿಸ್ತ್ರಿಗೆ ಇರಲಿಲ್ಲ. ಇದ್ದುದನ್ನು ಬಿಚ್ಚಿ, ತೊಳೆದು, ತಿದ್ದಿ, ಮತ್ತೆ ಕೂಡಿಸಬೇಕಾಗಿತ್ತು. ಸೈಕಲ್ಲಿಗೆ ಇರುವ ದೊಡ್ಡ ಗುಣವೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಚೈನು ಎಲ್ಲಿಂದ ಎಲ್ಲಿಗೆ ಶಕ್ತಿಯನ್ನು ಒಯ್ಯುತ್ತದೆ, ಗುಂಭದಲ್ಲಿಯ ಉಕ್ಕಿನ ಗುಂಡುಗಳು ತಿಕ್ಕಾಟವನ್ನು ಹೇಗೆ ತಪ್ಪಿಸುತ್ತವೆ, ತೆಳ್ಳನೆಯ ಕಡ್ಡಿಗಳ ಬಿಗಿತವು ಆಳಿನ ಭಾರವನ್ನು ಹೇಗೆ ಹೊರುತ್ತದೆ, ಎಲ್ಲವೂ ಕಣ್ಣೆದುರಿಗೇ ಇದೆ. ಯಂತ್ರಶಾಸ್ತ್ರದ ಪದವಿಯಿಲ್ಲದ ಲಕ್ಷ್ಮಣರಾಯರಿಗೆ ಇಂಥ ಬಯಲು ಪಾಠಶಾಲೆಯೇ ತಕ್ಕುದಾಗಿತ್ತು.

ಮುಂಬಯಿಯ ನೌಕರಿಯಲ್ಲಿ ಕೆಲವು ವರ್ಷ ಕಳೆದ ಮೇಲೆ ತಮಗೆ ನ್ಯಾಯವಾಗಿ ಸಲ್ಲಬೇಕಾದ ಬಡತಿಯು ಆಂಗ್ಲೋ-ಇಂಡಿಯನ್ನನೊಬ್ಬನಿಗೆ ಹೋದದ್ದನ್ನು ಅವರು ಕಂಡರು. ಅರ್ಜಿ ಬರೆಯುತ್ತ ಕೂಡಲಿಲ್ಲ. ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಇನ್ನು ಅಂಗಡಿಯೇ ಅನ್ನ.

ಇದೇ ಸಮಯಕ್ಕೆ ಅಮೆರಿಕದ ಡೇಟನ್ ಎಂಬ ಊರಿನಲ್ಲಿಯೂ ಇಬ್ಬರು ಸೋದರರು ಸೈಕಲ್ ಅಂಗಡಿಯಿಟ್ಟಿದ್ದರು. ವಿಲ್ಬರ್ ಮತ್ತು ಆರ್ವಿಲ್ ರೈಟ್‌ರು 1892ರಲ್ಲಿ ದುರಸ್ತಿಯಿಂದ ತೊಡಗಿ, 1896ರಿಂದ ತಮ್ಮದೇ ಸೈಕಲ್ಲುಗಳನ್ನು ಕಟ್ಟಿದರು. 1903ನೆಯ ಡಿಸೆಂಬರ್ 17ರಂದು ಹಾರಿದ ಅವರ ವಿಮಾನದಲ್ಲಿ ಎಂಜಿನ್ನಿನಿಂದ ಪಂಖಗಳಿಗೆ ಶಕ್ತಿಯನ್ನು ಒಯ್ದದ್ದು ಸೈಕಲ್ಲಿನ ಮಾದರಿಯ ಚೈನು, ಹಲ್ಲುಚಕ್ರಗಳೇ. ಅಲ್ಲಿಯ ಸೋದರರು ಸೈಕಲ್ಲಿನ ವಿದ್ಯೆಯನ್ನು ಆಕಾಶಕ್ಕೆ ಒಯ್ದರೆ, ಬೆಳಗಾವಿಯ ಸೋದರರು ತಮ್ಮ ವಿದ್ಯೆಯನ್ನು ನೆಲಕ್ಕೆ ತಂದರು. ಯಾವುದು ಹೆಚ್ಚು ಎಂಬ ವಾದ ಬೇಡ. ಅವರವರ ನಾಡಿಗೆ ಬೇಕಾದುದನ್ನು ಅವರವರು ಮಾಡಿದರು.

ಬೆಳಗಾವಿಯ ಸುತ್ತ ಇದ್ದವರು ರೈತರು. ಅವರಿಗೆ 700 ರೂಪಾಯಿಯ ಸೈಕಲ್ಲು ಬೇಕಾಗಿರಲಿಲ್ಲ. ದನಗಳಿಗೆ ಕಣಿಕೆಯನ್ನು ಇಡಿಯಾಗಿ ಹಾಕಿದರೆ ಅರ್ಧ ಕಾಲಿಗೆ ಸಿಕ್ಕಿ ಹಾಳಾಗುವುದನ್ನು ನಾವೂ ಕಂಡಿದ್ದೇವೆ. ಲಕ್ಷ್ಮಣರಾಯರು ಮೊದಲು ಕೈಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ. ಆಮೇಲೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ರಂಟೆಯನ್ನು ಮಾಡಿದರು. ಮರದ ನೇಗಿಲು ನೆಲವನ್ನು ಗೀರುತ್ತದೆ. ಕಬ್ಬಿಣದ ರಂಟೆ ಆಳಕ್ಕೆ ಇಳಿದು ಮಣ್ಣನ್ನು ಬುಡಮೇಲು ಮಾಡುತ್ತದೆ. ಎರೆಯ ಹೊಲದಲ್ಲಿ ಕರಿಕೆಯ ಬೇರನ್ನು ಕಿತ್ತುಹಾಕಲು ಇದು ಎಷ್ಟು ಅವಶ್ಯವೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ರೈತರು ಕೊಳ್ಳಲಿಲ್ಲ. ಕಬ್ಬಿಣವು ಭೂಮಿತಾಯಿಯನ್ನು ವಿಷ ಮಾಡುತ್ತದೆಂದು ಅವರು ಹೆದರಿದರು. ಮೊದಲನೆಯ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತು! ನಂಬಿಕೆಯನ್ನು ಹಳಿದು ಗೆಲ್ಲುವುದಾಗದು. ರಂಟೆಯೇ ಹೊಲದಲ್ಲಿ ತನ್ನ ಪರವಾಗಿ ಸಾಕ್ಷಿ ನುಡಿಯುವವರೆಗೆ ಅವರು ಕಾದರು.

ಕೆಲಸ ಕುದುರುತ್ತಿದ್ದಾಗಲೇ ಇನ್ನೊಂದು ಪೆಟ್ಟು ಬಿದ್ದಿತು. ಊರನ್ನು ಬೆಳೆಸುವ ಯೋಜನೆಗಾಗಿ ಕಾರಖಾನೆಯ ಜಾಗವನ್ನು ಬಿಟ್ಟುಕೊಡಬೇಕೆಂದು ಬೆಳಗಾವಿಯ ಪುರಸಭೆಯಿಂದ ಆಜ್ಞೆಯಾಯಿತು. ಯಂತ್ರಗಳನ್ನು ಒಯ್ಯುವುದೆಲ್ಲಿಗೆ? ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು. ಕುಂಡಲ ರೋಡ್ ರೈಲ್ವೆ ಸ್ಟೇಶನ್ನಿನ ಹತ್ತಿರ 32 ಎಕರೆ ಜಮೀನು, 10,000 ರೂಪಾಯಿ ಸಾಲ ದೊರೆತವು. ಜಮೀನೆಂದರೆ ಹಸನಾದ ಹೊಲವಲ್ಲ. ಪಾಪಸುಕಳ್ಳಿ ಬೆಳೆದು ಹಾವುಗಳಿಗೆ ಮನೆಯಾಗಿದ್ದ ಬರಡು. 1910ರಲ್ಲಿ ಲಕ್ಷ್ಮಣರಾಯರು ಕೆಲವೇ ಸಂಗಡಿಗರೊಡನೆ ಅಲ್ಲಿಗೆ ಹೋಗಿ ಕಳ್ಳಿ ಕಡಿದು ಕಾರಖಾನೆಯನ್ನೂ ಊರನ್ನೂ ಒಟ್ಟಿಗೆ ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ.

ಆ ಸಂಗಡಿಗರು ಯಾರೆಂಬುದನ್ನು ನೋಡಿದರೆ ಲಕ್ಷ್ಮಣರಾಯರ ನಿಜವಾದ ಹಿರಿಮೆ ತಿಳಿಯುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರರು ಅಲ್ಲಿ ಕಲ್ಪಕರಾದ ಎಂಜಿನಿಯರ್ ಆದರು. ಎಲ್ಲಿಯೂ ನೌಕರಿ ಸಿಕ್ಕದಿದ್ದ ಕೆ. ಕೆ. ಕುಲಕರ್ಣಿಯವರು ವ್ಯವಸ್ಥಾಪಕರಾದರು. ಕಳ್ಳತನಕ್ಕಾಗಿ ಶಿಕ್ಷೆಯನ್ನು ಅನುಭವಿಸಿ ಬಂದಿದ್ದ ಇಬ್ಬರಿಗೆ ಕಾವಲಿನ ಕೆಲಸ ಕೊಟ್ಟು, ಇಡೀ ಊರಿನ ರಕ್ಷಣೆಯನ್ನು ಅವರ ಕೈಗೆ ಒಪ್ಪಿಸಲಾಯಿತು. ಅವರು ನಂಬಿಕೆಗೆ ಎರಡು ಬಗೆಯಲಿಲ್ಲ. ಅಸ್ಪೃಶ್ಯತೆಗೆ ಆ ಊರಿನಲ್ಲಿ ಎಡೆಯಿರಲಿಲ್ಲ. ಲೋಕವು ಕೆಲಸಕ್ಕೆ ಬಾರದ್ದೆಂದು ಗುಜರಿಗೆ ಹಾಕಿದ ತುಂಡನ್ನು ಎತ್ತಿ ನೋಡಿ, ಅದು ಎಲ್ಲಿ ಕೂಡುತ್ತದೆಂದು ಕಂಡುಹಿಡಿಯುವುದು ಸೈಕಲ್ ಮಿಸ್ತ್ರಿಯ ಜಾಣ್ಮೆ. ಆ ಜಾಣ್ಮೆಯನ್ನು ಲಕ್ಷ್ಮಣರಾಯರು ಮನುಷ್ಯರ ವಿಷಯದಲ್ಲಿಯೂ ನಡೆಸಿದರು. ಬಣ್ಣ ತಿಳಿಯದ ಕಣ್ಣಿನಿಂದಾಗಿ ತಾವೇ ಒಮ್ಮೆ ಬೇಡವಾದ ತುಂಡಾಗಿದ್ದವರಲ್ಲವೇ ಅವರು?

ಮುಂದಿನ ಕಥೆ ಬೆಳವಣಿಗೆಯದು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಕಾರಖಾನೆಯ ಸುದ್ದಿಪತ್ರಿಕೆಯೊಂದು ಹೊರಟು, ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಗಿ ಬೆಳೆಯಿತು. ಕಲಾ ಕಾಲೇಜಿನವರಾದ ನಾವು ಇದನ್ನು ನೆನೆಯಬೇಕು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪುಗಳು ಬಂದವು. ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ಕಲಿತು ಬಂದು ತಂದೆಯ ಕೆಲಸಕ್ಕೆ ಹೆಗಲು ಕೊಟ್ಟರು. ಕಿರ್ಲೋಸ್ಕರರು ಕರ್ನಾಟಕವನ್ನೂ ಮರೆಯಲಿಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರಖಾನೆಯೂ, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರಖಾನೆಯೂ ನೆಲೆಗೊಂಡವು. ಬಹುಕಾಲದ ಮೇಲೆ ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿಯೂ ಅದೇ ಹೆಸರಿನ ಬೀಡು ಕಬ್ಬಿಣದ ಕಾರಖಾನೆ ತಲೆಯೆತ್ತಿತು.

ಲಕ್ಷ್ಮಣರಾಯರು 1956ನೆಯ ಸೆಪ್ಟೆಂಬರ್ 26ರಂದು ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಾದ 36ನೆಯ ದಿನ, ನವೆಂಬರ್ 1ರಂದು, ಮುಂಬಯಿ ಪ್ರಾಂತದಲ್ಲಿದ್ದ ಅವರ ಬೆಳಗಾವಿಯೂ ಹೈದರಾಬಾದಿನಲ್ಲಿದ್ದ ನಮ್ಮ ರಾಯಚೂರೂ ಒಂದೇ ರಾಜ್ಯದೊಳಗೆ ಕೂಡಿದವು. ಬೇರೆಬೇರೆಯಾಗಿ ಬಿದ್ದಿದ್ದ ಭಾಗಗಳನ್ನು ಕೂಡಿಸುವುದರಲ್ಲಿ ಆಯುಷ್ಯ ಕಳೆದ ಅವರು ಆ ಕೂಡಿಕೆಯನ್ನು ಕಾಣಲು ಉಳಿಯಲಿಲ್ಲ. 1969ರಲ್ಲಿ ಅವರ ಜನ್ಮಶತಾಬ್ದಿಗೆ ಭಾರತ ಸರಕಾರವು ಅಂಚೆಯ ಚೀಟಿಯನ್ನು ಹೊರಡಿಸಿತು. ಬೆಳಗಾವಿಯಲ್ಲಿ ಅವರ ಮನೆತನದ ಹೆಸರಿನ ರಸ್ತೆಯೊಂದಿದೆ.

ಮಿತ್ರರೇ, ಸೈಕಲ್ಲು ಬಿಚ್ಚಿದವರೆಲ್ಲ ಕಾರಖಾನೆ ಕಟ್ಟುವರೆಂದು ಹೇಳುವುದು ಸುಳ್ಳಾದೀತು. ಬಿಚ್ಚಿದ ಸೈಕಲ್ಲನ್ನು ಮತ್ತೆ ಕೂಡಿಸಲಾಗದೆ ಚೀಲದಲ್ಲಿ ತುಂಬಿ ಅಂಗಡಿಗೆ ಒಯ್ದವರೂ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಪರೀಕ್ಷೆಯಲ್ಲಿ ಒಮ್ಮೆ ಎಡವಿದೊಡನೆ ತನ್ನ ಬಾಳೇ ಮುಗಿಯಿತೆಂದು ಮುಸುಕೆಳೆದು ಮಲಗುವ ಗೆಳೆಯರನ್ನು ನಾವು ಪ್ರತಿ ವರ್ಷವೂ ಕಾಣುತ್ತೇವೆ. ಅಂಥವರ ಬಳಿಗೆ ಹೋಗಿ ಲಕ್ಷ್ಮಣರಾಯರ ಕಥೆಯನ್ನು ಹೇಳಬೇಕು. ಕುಂಚ ಹಿಡಿಯಲು ಬಾರದೆಂದು ತಿಳಿದ ದಿನ ಅವರು ಗೆರೆಗೋಲನ್ನು ಹಿಡಿದರು. ಗೆರೆಗೋಲಿಗೆ ಮನ್ನಣೆ ಸಿಕ್ಕದಾದಾಗ ಪಾನಾ ಹಿಡಿದರು. ಓಣಿಯಲ್ಲಿ ಗ್ರೀಸು ಬಳಿದುಕೊಂಡು ಕುಳಿತ ಆ ಹುಡುಗನನ್ನು ಇನ್ನು ಮೇಲೆ ಕಂಡಾಗ, ಸಾಧ್ಯವಾದರೆ ಒಂದು ಗಳಿಗೆ ನಿಂತು ಗಾಲಿಯನ್ನು ಹಿಡಿದುಕೊಳ್ಳೋಣ. ಕಡ್ಡಿ ಬಿಗಿಯುವಾಗ ಇನ್ನೊಬ್ಬರ ಕೈ ಬೇಕಾಗುತ್ತದೆ.